ಕೌಂಟರಿನ ಈಚೆ ಬದಿಯ ಸೌಜನ್ಯ

ಅಕ್ಕಲಕೋಟೆ ತಾಲ್ಲೂಕಿನ ಒಂದು ಬ್ಯಾಂಕು ಶಾಖೆ. ಖಾತೆಯಿಂದ ಕಡಿತವಾದ ಮೊತ್ತವೊಂದನ್ನು ವಿಚಾರಿಸಲು ಬಂದಿದ್ದ ವೃದ್ಧೆಯೊಬ್ಬರು ಪಾಸ್‌ಬುಕ್ಕನ್ನು ಮುಂದಿಟ್ಟು, ‘ಇದನ್ನ ಒಂದೀಟು ನೋಡ್ರಿ ಸಾಹೇಬ್ರ’ ಎಂದರು. ಗುಮಾಸ್ತರು ತಲೆಯೆತ್ತಿ, ‘ಬಸಾ ಆಜೀ’ ಎಂದು ಮರಾಠಿಯಲ್ಲಿ ಉಪಚರಿಸಿದರು. ಗೌರವರೂಪದ ಕ್ರಿಯಾಪದ, ಬಂಧುತ್ವದ ಸಂಬೋಧನೆ, ಸೌಮ್ಯವಾದ ದನಿ: ಯಾವುದಕ್ಕೂ ಕೊರತೆಯಿರಲಿಲ್ಲ. ವೃದ್ಧೆ ಮರಾಠಿಗೆ ಹೊರಳಿದರು. ಅವರ ವಾಕ್ಯಗಳು ಮೊಟಕಾದವು. ವಿವರಣೆಗೆ ‘ಹೋ, ಹೋ’ ಎಂದು ತಲೆಯಾಡಿಸಿ ಹೊರಬಂದರು. ಕೆಲಸವಾಯಿತೇ ಎಂದು ಕೇಳಿದಾಗ ಅವರು ಹೇಳಿದ್ದಿಷ್ಟು: ‘ಅಂವ ಛಲೋ ಮನಷ್ಯಾ ಅದಾನ್ರಿ. ನನಗ ಕೇಳಾಕ ಬರಲಿಲ್ಲ.’

ಗ್ರಾಹಕ ಸೇವೆಯ ಯಾವ ಸಮೀಕ್ಷೆಯಾದರೂ ಈ ಪ್ರಸಂಗವನ್ನು ಯಶಸ್ಸೆಂದೇ ದಾಖಲಿಸೀತು. ಸಿಬ್ಬಂದಿಯ ನಡವಳಿಕೆ ಉತ್ತಮ, ಗ್ರಾಹಕರಿಗೆ ಸಮಾಧಾನ. ಆದರೆ ಪ್ರಶ್ನೆ ಉತ್ತರವಿಲ್ಲದೆಯೇ ಮನೆಗೆ ಮರಳಿತು. ತಪ್ಪಿನ ಹೊರೆಯನ್ನೂ ಗ್ರಾಹಕರೇ ಹೊತ್ತುಕೊಂಡರು.

ಸೌಜನ್ಯದ ಅಧ್ಯಯನಕ್ಕೆ ತಳಹದಿಯಾದ ಪೆನೆಲೋಪಿ ಬ್ರೌನ್ ಮತ್ತು ಸ್ಟೀಫನ್ ಲೆವಿನ್ಸನ್ ಅವರ ಕೃತಿ (1978, ಪುಸ್ತಕರೂಪದಲ್ಲಿ 1987) ಇಂಗ್ಲಿಷ್, ತ್ಸೆಲ್ತಾಲ್ ಮತ್ತು ತಮಿಳು ಭಾಷೆಗಳನ್ನು ಆಧರಿಸಿದೆ. ತಮಿಳಿನ ಸಾಮಗ್ರಿ ದೊರೆತದ್ದು ಕೊಯಮತ್ತೂರು ಜಿಲ್ಲೆಯ ಹಳ್ಳಿಯೊಂದರಲ್ಲಿ. ತಾಳವಾಡಿಯ ಕನ್ನಡ ಹಳ್ಳಿಗಳೂ 1979ರವರೆಗೆ ಅದೇ ಜಿಲ್ಲೆಗೆ ಸೇರಿದ್ದವು. ಒಂದು ಭಾಷೆಯಿಂದ ಇನ್ನೊಂದಕ್ಕೆ ಹೊರಳುವುದನ್ನು ಈ ವಿದ್ವಾಂಸರು ಗಮನಿಸದೆ ಬಿಟ್ಟಿಲ್ಲ. ಆದರೆ ಅವರ ಚೌಕಟ್ಟಿನಲ್ಲಿ ಅದು ಮಾತನಾಡುವವರು ಆಯ್ದುಕೊಳ್ಳುವ ಉಪಾಯ. ಗಡಿನಾಡಿನ ಕೌಂಟರಿನ ಮುಂದೆ ಅದು ಬಹುಮಟ್ಟಿಗೆ ಪ್ರವೇಶ ಶುಲ್ಕ. ವಿಮಾನ ಪರಿಚಾರಿಕೆಯರ ವೃತ್ತಿಜೀವನವನ್ನು ಪರಿಶೀಲಿಸಿ ‘ಭಾವಶ್ರಮ’ದ ಪರಿಕಲ್ಪನೆಯನ್ನು 1983ರಲ್ಲಿ ವಿಸ್ತರಿಸಿದ ಆರ್ಲಿ ಹೋಕ್‌ಶೀಲ್ಡ್ ಅವರಿಗೂ ಆ ಶ್ರಮ ಸೇವೆ ನೀಡುವವರದ್ದು. ಅಲ್ಪಸಂಖ್ಯಾತ ಭಾಷಿಕರ ಸಂದರ್ಭದಲ್ಲಿ ಅದರ ಗಣನೀಯ ಪಾಲು ಸೇವೆ ಪಡೆಯುವವರ ಹೆಗಲಿಗೆ ಜಾರುತ್ತದೆ.

ಇಲ್ಲಿ ಕಳೆದುಹೋದದ್ದೇನು? ‘ನೋಡು’, ‘ನೋಡಿ’, ‘ನೋಡ್ರಿ’ ಎಂಬ ಶ್ರೇಣಿಯಲ್ಲಿ ‘ರೀ’ ಕೇವಲ ಗೌರವಸೂಚಕವಲ್ಲ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಮಾತಿನಲ್ಲಿ ಅದು ಒಪ್ಪಿಗೆಗೂ ನಿರಾಕರಣೆಗೂ ಸಮಾನವಾಗಿ ಹತ್ತುತ್ತದೆ: ‘ಹೌದ್ರಿ’, ‘ಇಲ್ರಿ’, ‘ಹಂಗಲ್ರಿ’. ಎದುರಿನವರ ಮರ್ಯಾದೆಗೆ ಧಕ್ಕೆ ಬಾರದಂತೆ ಅವರ ಮಾತನ್ನು ತಡೆದು ನಿಲ್ಲಿಸುವ ಶಕ್ತಿ ಆ ಕೊನೆಯ ರೂಪಕ್ಕಿದೆ. ಮರಾಠಿಯಲ್ಲಿಯೂ ಇಂಥ ನಯವಾದ ಪ್ರತಿರೋಧಕ್ಕೆ ದಾರಿಗಳುಂಟು. ಆದರೆ ಸಂತೆಯ ವ್ಯವಹಾರಕ್ಕೆ ಸಾಲುವಷ್ಟು ಮರಾಠಿ ಬಲ್ಲವರಿಗೆ ಅವು ಕೈಗೆ ಎಟುಕುವುದಿಲ್ಲ. ಒರಟಾಗಿ ಆಕ್ಷೇಪಿಸುವುದಕ್ಕಿಂತ ಸುಮ್ಮನಿರುವುದೇ ಅವರಿಗೆ ಮರ್ಯಾದೆಯೆನಿಸುತ್ತದೆ. ಆದುದರಿಂದ ವೃದ್ಧೆ ಕಳೆದುಕೊಂಡದ್ದು ಆತ್ಮೀಯತೆಯನ್ನಲ್ಲ, ವಿನಯದಿಂದ ಭಿನ್ನಾಭಿಪ್ರಾಯ ಸೂಚಿಸುವ ಸಾಧನವನ್ನು.

ಈ ನಷ್ಟವನ್ನು ಕಾಣಬಲ್ಲ ಕಣ್ಣು ನಿಯಮಗಳಲ್ಲಿಯೂ ಇಲ್ಲ. ಭಾರತೀಯ ರಿಸರ್ವ್ ಬ್ಯಾಂಕು 2014ರಲ್ಲಿ ಪ್ರಕಟಿಸಿದ ಗ್ರಾಹಕ ಹಕ್ಕುಗಳ ಸನ್ನದು, ಗ್ರಾಹಕರು ಮತ್ತು ಸೇವಾದಾತರು ಇಬ್ಬರಿಗೂ ಸೌಜನ್ಯದ ಹಕ್ಕಿದೆಯೆಂದು ಸಾರುತ್ತದೆ. ತಾರತಮ್ಯದ ಆಧಾರಗಳಿಗೆ ಉದಾಹರಣೆಯಾಗಿ ಲಿಂಗ, ವಯಸ್ಸು, ಧರ್ಮ, ಜಾತಿ, ದೈಹಿಕ ಸಾಮರ್ಥ್ಯಗಳನ್ನು ಹೆಸರಿಸುತ್ತದೆ. ಆ ಸಾಲಿನಲ್ಲಿ ಭಾಷೆಯಿಲ್ಲ. ಗ್ರಾಹಕರು ಬಳಸುವ ಮುದ್ರಿತ ನಮೂನೆಗಳು ಇಂಗ್ಲಿಷ್, ಹಿಂದಿ ಮತ್ತು ಸಂಬಂಧಪಟ್ಟ ಪ್ರಾದೇಶಿಕ ಭಾಷೆಯಲ್ಲಿರಬೇಕೆಂಬ ಅದೇ ಬ್ಯಾಂಕಿನ ಸೂಚನೆ ಮೇಲ್ನೋಟಕ್ಕೆ ಉದಾರವಾದದ್ದು. ಆದರೆ ಪ್ರದೇಶವೆಂದರೆ ರಾಜ್ಯವೆಂದು ಅರ್ಥೈಸಿದಲ್ಲಿ, ಅಕ್ಕಲಕೋಟೆಯ ಕನ್ನಡಿಗರ ಮುಂದೆ ಮೂರು ಭಾಷೆಗಳಿದ್ದರೂ ಅವರ ಭಾಷೆ ಇರುವುದಿಲ್ಲ.

ಆ ಗುಮಾಸ್ತರನ್ನು ದೂಷಿಸುವುದು ಈ ಬರಹದ ಉದ್ದೇಶವಲ್ಲ. ಅವರು ತಮಗೆ ತಿಳಿದ ಸೌಜನ್ಯವನ್ನು ಪೂರ್ಣವಾಗಿಯೇ ಸಲ್ಲಿಸಿದರು. ಸಿಬ್ಬಂದಿಗೆ ‘ನಮಸ್ಕಾರ’, ‘ದಯವಿಟ್ಟು’ಗಳನ್ನು ಬಾಯಿಪಾಠ ಮಾಡಿಸುವುದೂ ಪರಿಹಾರವಾಗಲಾರದು. ಸ್ವಾಗತದ ಎರಡು ಪದಗಳ ನಂತರ ಮಾತು ಮತ್ತೆ ಮರಾಠಿಗೆ ತಿರುಗಿದರೆ, ಆಕ್ಷೇಪದ ಹೊತ್ತಿಗೆ ಗ್ರಾಹಕರು ಮೊದಲಿನಷ್ಟೇ ನಿಸ್ಸಹಾಯಕರು. ಗಡಿನಾಡಿನ ಸೇವಾಭಾಷೆಯನ್ನು ಅಧ್ಯಯನ ಮಾಡುವವರು ಸಿಬ್ಬಂದಿ ಹೇಗೆ ಮಾತನಾಡಿದರೆಂಬುದರ ಜೊತೆಗೆ, ಗ್ರಾಹಕರು ಯಾವ ಪ್ರಶ್ನೆಯನ್ನು ಕೇಳದೆ ಮರಳಿದರೆಂಬುದನ್ನೂ ದಾಖಲಿಸಬೇಕಾಗಿದೆ. ಅದಕ್ಕಾಗಿ ಸಂದರ್ಶನ ನಡೆಯಬೇಕಾದದ್ದು ಕೌಂಟರಿನ ಮುಂದಲ್ಲ, ಶಾಖೆಯ ಹೊರಗೆ, ಅವರದೇ ಕನ್ನಡದಲ್ಲಿ.