ಗಾಯದ ಗುರುತು ಮತ್ತು ಪುನರ್ರಚನೆ: ಆಡ್ರೆ ಲಾರ್ಡ್ ಅವರ 'ದಿ ಕ್ಯಾನ್ಸರ್ ಜರ್ನಲ್ಸ್'

ರೋಗವನ್ನು ಕುರಿತ ಬರವಣಿಗೆಯನ್ನು ದುಃಖದ ನಿವೇದನೆಯೆಂದೋ ಧೈರ್ಯದ ನಿದರ್ಶನವೆಂದೋ ಓದುವ ರೂಢಿ ನಮ್ಮಲ್ಲಿ ಬಲವಾಗಿದೆ. ಈ ಎರಡೂ ಬಗೆಯ ಓದಿಗೆ ಒಗ್ಗದ ಕೃತಿ, ಆಫ್ರಿಕನ್-ಅಮೆರಿಕನ್ ಕವಯಿತ್ರಿ ಆಡ್ರೆ ಲಾರ್ಡ್ (1934-1992) ಅವರ 'ದಿ ಕ್ಯಾನ್ಸರ್ ಜರ್ನಲ್ಸ್' (1980). ಸ್ತನ ಕ್ಯಾನ್ಸರಿನ ಪತ್ತೆ, ಸ್ತನಛೇದನ, ಅನಂತರ ದೇಹಕ್ಕೆ ಹಿಂದಿನ ಆಕಾರವನ್ನು ಮರಳಿ ಕೊಡುವ ಯತ್ನ ಎಂಬ ಮೂರು ಘಟ್ಟಗಳಲ್ಲಿಯೂ ನಿರ್ಧಾರ ಯಾರದು ಎಂಬುದೇ ಇದರ ಕೇಂದ್ರ ಪ್ರಶ್ನೆ.

ಈ ಪ್ರಶ್ನೆಗೆ ಚಾರಿತ್ರಿಕ ಹಿನ್ನೆಲೆಯಿದೆ. 1970ರ ದಶಕದ ಅಮೆರಿಕದಲ್ಲಿ ಬಯಾಪ್ಸಿ ಮತ್ತು ಸ್ತನಛೇದನಗಳನ್ನು ಒಂದೇ ಅರಿವಳಿಕೆಯಲ್ಲಿ ಮುಗಿಸುವ ಪದ್ಧತಿ ಪ್ರಚಲಿತವಾಗಿತ್ತು. ತನಗೆ ಕ್ಯಾನ್ಸರ್ ಇದೆಯೆಂಬುದನ್ನು ಮಹಿಳೆ ಸ್ತನ ಕಳೆದುಕೊಂಡ ಮೇಲಷ್ಟೇ ಅರಿಯುತ್ತಿದ್ದಳು. ಪತ್ರಕರ್ತೆ ರೋಸ್ ಕುಶ್ನರ್ 1974ರಿಂದ ಇದನ್ನು ಪ್ರತಿಭಟಿಸಿದರು. ಲಾರ್ಡ್ ಅವರ ಗಡ್ಡೆ 1977ರಲ್ಲಿ ನಿರಪಾಯಕಾರಿಯೆಂದು ತಿಳಿಯುವ ಮುನ್ನ ಕಳೆದ ಮೂರು ವಾರಗಳು, 1978ರಲ್ಲಿ ರೋಗ ಖಚಿತವಾದ ಬಳಿಕ ಶಸ್ತ್ರಚಿಕಿತ್ಸೆಯ ಬಗ್ಗೆ ತಾವೇ ನಿರ್ಧರಿಸಲು ಪಟ್ಟ ಶ್ರಮ, ಇವೆರಡೂ ಕೃತಿಯಲ್ಲಿ ಪ್ರಧಾನ ಸ್ಥಾನ ಪಡೆದಿರುವುದು ಈ ಕಾರಣದಿಂದ ಅರ್ಥಪೂರ್ಣವಾಗಿದೆ.

ಕೃತಿಯ ರಚನೆಯೂ ಗಮನಾರ್ಹವಾದುದು. 1979ರ ಜನವರಿಯಿಂದ ಮೊದಲಾಗುವ ದಿನಚರಿಯ ತುಣುಕುಗಳು ವಿಚಾರಪರ ಪ್ರಬಂಧಗಳ ನಡುವೆ ಬಂದಿವೆ. ದಿನಚರಿಯಲ್ಲಿ ನೋವು, ಭಯ, ದಣಿವುಗಳಿವೆ; ಪ್ರಬಂಧದಲ್ಲಿ ವಾದದ ಸ್ಥೈರ್ಯವಿದೆ. ಇವೆರಡನ್ನು ಲೇಖಕಿ ಬೆಸೆದು ಒಂದಾಗಿಸಿಲ್ಲ. ಹೊಲಿಗೆಯ ಗುರುತನ್ನು ಮರೆಮಾಚಬಾರದೆಂಬ ನಿಲುವು ಹೀಗೆ ಬರವಣಿಗೆಯ ವಿನ್ಯಾಸವೂ ಆಗಿದೆ.

ಆಸ್ಪತ್ರೆಗೆ ಬಂದ ಸ್ವಯಂಸೇವಕಿಯೊಬ್ಬರು ಉಣ್ಣೆಯ ಕೃತಕ ಸ್ತನವೊಂದನ್ನು ನೀಡುವ ಪ್ರಸಂಗ ಪ್ರಸಿದ್ಧವಾಗಿದೆ. ಅದರ ಬಣ್ಣ ತಿಳಿಗುಲಾಬಿ. ಲಾರ್ಡ್ ಅವರ ಮೈಬಣ್ಣ ಕಪ್ಪು. ಸಾಂತ್ವನವೂ ಒಂದು ಬಣ್ಣದ ದೇಹವನ್ನಷ್ಟೇ ಕಲ್ಪಿಸಿಕೊಂಡಿತ್ತೆಂಬುದು ಇಲ್ಲಿ ವಿವರಣೆಯಿಲ್ಲದೆ ತಿಳಿಯುತ್ತದೆ. ಅನಂತರ ವೈದ್ಯರ ಕಚೇರಿಯಲ್ಲಿ ದಾದಿಯೊಬ್ಬರು, ಕೃತಕ ಸ್ತನ ಧರಿಸದೆ ಬಂದರೆ ಅಲ್ಲಿನವರ ಮನೋಬಲ ಕುಗ್ಗುತ್ತದೆಂದು ಆಕ್ಷೇಪಿಸುತ್ತಾರೆ. ನಷ್ಟವನ್ನು ಮರೆಮಾಡಿದರೆ ಸ್ತನ ಕಳೆದುಕೊಂಡ ಮಹಿಳೆಯರು ಪರಸ್ಪರ ಗುರುತಿಸಿಕೊಳ್ಳಲಾರರು, ಸಂಘಟಿತರಾಗಲಾರರು ಎಂಬ ಲಾರ್ಡ್ ಅವರ ವಾದ ಈ ಅವಮಾನದಿಂದ ಬೆಳೆದುದು.

ಆದರೆ ಇದೇ ವಾದವನ್ನು ಸಿಲಿಕೋನ್ ಅಳವಡಿಕೆಗೂ ವಿಸ್ತರಿಸುವಾಗ ಕೃತಿಯ ಮಿತಿ ಕಾಣಿಸುತ್ತದೆ. ಕೃತಕ ಹಲ್ಲು, ಕೃತಕ ಕಾಲುಗಳಿಗೆ ಕಾರ್ಯವಿದೆ, ಕೃತಕ ಸ್ತನವಿರುವುದು ಅನ್ಯರ ನೋಟಕ್ಕಾಗಿ ಎಂಬ ವಿಂಗಡಣೆ ಪೂರ್ಣ ಸತ್ಯವಲ್ಲ. ಎಲ್ಲವನ್ನೂ ತಿಳಿದು, ತನ್ನ ನೆಮ್ಮದಿಗಾಗಿಯೇ ಪುನರ್ರಚನೆಯನ್ನು ಆರಿಸಿಕೊಳ್ಳುವ ಮಹಿಳೆಗೆ ಈ ಕೃತಿಯಲ್ಲಿ ಎಡೆ ಕಿರಿದು. ಅಮೆರಿಕದಲ್ಲಿ 1992ರಲ್ಲಿ ಸಿಲಿಕೋನ್ ಜೆಲ್ ಅಳವಡಿಕೆಗಳ ಸಾಮಾನ್ಯ ಬಳಕೆಯನ್ನು ನಿರ್ಬಂಧಿಸಲಾಯಿತು. 2006ರಲ್ಲಿ ಮತ್ತೆ ಅನುಮತಿ ದೊರೆಯಿತು. ಈ ನಡುವೆ, ಸ್ತನಛೇದನದ ವೆಚ್ಚ ಭರಿಸುವ ವಿಮೆ ಪುನರ್ರಚನೆಯ ವೆಚ್ಚವನ್ನೂ ಭರಿಸಬೇಕೆಂದು 1998ರ ಕಾನೂನು ವಿಧಿಸಿತು. ಮೊದಲನೆಯದು ಲಾರ್ಡ್ ಅವರ ಸಂಶಯಕ್ಕೆ ಪುಷ್ಟಿ ಕೊಟ್ಟರೆ, ಕೊನೆಯದು ಪುನರ್ರಚನೆಯನ್ನು ಮಹಿಳೆಯ ಹಕ್ಕೆಂದು ಗುರುತಿಸಿತು. ಆದರೆ ಹಕ್ಕು ಕರ್ತವ್ಯವಾಗಿ ಮಾರ್ಪಡುವ ಅಪಾಯ ಉಳಿದೇ ಇದೆ. ಆ ದಾದಿಯ ಮಾತಿನಲ್ಲಿದ್ದುದು ಅದೇ.

ಕನ್ನಡದಲ್ಲಿಯೂ ಬಿ.ವಿ. ಭಾರತಿಯವರ 'ಸಾಸಿವೆ ತಂದವಳು' ಸ್ತನ ಕ್ಯಾನ್ಸರಿನ ಅನುಭವವನ್ನು ಆತ್ಮಕಥನವಾಗಿಸಿದೆ. ಇಂತಹ ಕಥನಗಳ ಅಧ್ಯಯನಕ್ಕೆ ಲಾರ್ಡ್ ಒದಗಿಸುವುದು ಅನುಕರಣೀಯ ಆದರ್ಶವನ್ನಲ್ಲ, ಒಂದು ಪ್ರಶ್ನೆಯನ್ನು. ಗುಣವಾದಳೆಂದು ಹೇಳುವ ಅಧಿಕಾರ ಯಾರಿಗಿದೆ? ಗಾಯದ ಗುರುತನ್ನು ಉಳಿಸಿಕೊಂಡವಳಿಗೂ ಹೊಸ ಸ್ತನವನ್ನು ಬಯಸಿದವಳಿಗೂ ಆ ಅಧಿಕಾರ ಸಮಾನವಾಗಿ ಸಲ್ಲಬೇಕೆಂದು ಒಪ್ಪಿದಾಗ ಮಾತ್ರ ಈ ಕೃತಿಯ ಓದು ಅದರ ಮಿತಿಯನ್ನು ದಾಟೀತು.