ಏರಿ ಎತ್ತರಿಸೋ ಮೊದಲು ಕೋಡಿ ನೋಡಿ

ಕಾರು ಮಾರ್ಪಡಿಸೋ ನಮ್ಮ ಹುಡುಗರ ಬಗ್ಗೆ ನನಗೊಂದು ತಕರಾರಿದೆ. ನಾನೂ ಅದೇ ಪಂಗಡದವನು, ಹಾಗಾಗಿ ತಕರಾರು ಎತ್ತೋ ಹಕ್ಕು ನನಗಿದೆ ಅಂದ್ಕೊಂಡಿದೀನಿ. ಭಾನುವಾರ ಬೆಳಗ್ಗೆ ದೇವನಹಳ್ಳಿ ಕಡೆ ಕಾಫಿ ಕುಡಿಯೋಕೆ ನಾಲ್ಕು ಕಾರು ಸೇರಿದ್ರೆ ಮೊದಲ ಪ್ರಶ್ನೆ, 'ಸ್ಟೇಜ್ ಎಷ್ಟು?' ಎರಡನೇದು, 'ಡೈನೋದಲ್ಲಿ ಎಷ್ಟು ಬಂತು?' ಆಮೇಲೆ ಬಾನೆಟ್ ಎತ್ತಿ ಎಲ್ಲರೂ ಕೆಂಪು ಬಣ್ಣದ ಪೈಪುಗಳನ್ನ ನೋಡ್ತಾರೆ, ಫೋಟೋ ತೆಗೀತಾರೆ. 'ಆಯಿಲ್ ಬದಲಾಯಿಸಿ ಎಷ್ಟು ಕಿಲೋಮೀಟರ್ ಆಯ್ತು?' ಅಂತ ಯಾರೂ ಕೇಳಲ್ಲ. ನಮ್ಮ ಹವ್ಯಾಸಕ್ಕೆ ಶಕ್ತಿ ಹೊಗಳೋ ಭಾಷೆ ಇದೆ, ಆರೈಕೆ ಹೊಗಳೋ ಭಾಷೆ ಇಲ್ಲ. ಟರ್ಬೋ ಕಾರಿನ ವಿಷಯದಲ್ಲಿ ಇದು ಬರೀ ಶೋಕಿಯ ಪ್ರಶ್ನೆ ಅಲ್ಲ.

ಸ್ಪೋರ್ಟ್ಸ್ ಕಾರು ಅಂದ್ರೆ ಪೋರ್ಷೆ, ಫೆರಾರಿ ನೆನಪಾಗೋದು ಸಹಜ. ಇಎಂಐ ಕಟ್ಟೋ ನಮ್ಮಂಥವರ ಸ್ಪೋರ್ಟ್ಸ್ ಕಾರು ಬೇರೆ. 2013ರಲ್ಲಿ ಬಂದ ಪೋಲೋ ಜಿಟಿ ಟಿಎಸ್‌ಐ, 2015ರಲ್ಲಿ ಬಂದ 145 ಅಶ್ವಶಕ್ತಿಯ ಅಬಾರ್ತ್ ಪುಂಟೋ, ದುಡ್ಡಿದ್ದೋರಿಗೆ ಆಕ್ಟೇವಿಯಾ ಆರ್‌ಎಸ್. ಇದರಲ್ಲಿ ಪೋಲೋನೇ ಜನರ ಕಾರು. 1197 ಸಿಸಿ, 105 ಅಶ್ವಶಕ್ತಿ, 175 ಎನ್‌ಎಂ ಟಾರ್ಕ್, ಏಳು ಗೇರಿನ ಡಿಎಸ್‌ಜಿ. ಆ 1197 ಅನ್ನೋ ಅಂಕಿ ರೇಸ್ ಟ್ರ್ಯಾಕಿಂದ ಬಂದಿದ್ದಲ್ಲ, ತೆರಿಗೆ ಪುಸ್ತಕಕ್ಕೆ ಹೊಂದಿಕೊಂಡಿದ್ದು. ನಾಲ್ಕು ಮೀಟರಿಗಿಂತ ಕಮ್ಮಿ ಉದ್ದ, 1200 ಸಿಸಿ ಒಳಗಿನ ಪೆಟ್ರೋಲ್ ಇಂಜಿನ್ ಇದ್ರೆ ಅದು ನಮ್ಮ ದೇಶದಲ್ಲಿ 'ಸಣ್ಣ ಕಾರು', ತೆರಿಗೆ ಕಮ್ಮಿ. ಇಂಜಿನ್ ಸಣ್ಣದೇ ಇರಬೇಕು, ಎಳೆತ ಮಾತ್ರ ದೊಡ್ಡದು ಬೇಕು ಅಂದಾಗ ಇರೋ ದಾರಿ ಟರ್ಬೋ.

ಆ ಎಳೆತದ ಸುಖ ಸುಳ್ಳಲ್ಲ. ಪೂರ್ತಿ 175 ಎನ್‌ಎಂ ಬರೀ 1500 ಆರ್‌ಪಿಎಂಗೇ ಸಿಗತ್ತೆ. ಹಿರಿಯೂರು ದಾಟಿ, ಚಿತ್ರದುರ್ಗದ ಗುಡ್ಡದ ಮೇಲಿನ ಗಾಳಿಯಂತ್ರಗಳು ಕಾಣೋ ಕಡೆ ಲಾರಿಯೊಂದನ್ನ ಹಿಂದೆ ಹಾಕುವಾಗ ಬೆನ್ನ ಹಿಂದಿಂದ ಯಾರೋ ತಳ್ಳಿದ ಹಾಗೆ ಕಾರು ಮುಂದೆ ಹೋಗತ್ತೆ. ಒಮ್ಮೆ ಆ ತಳ್ಳು ಗೊತ್ತಾದವನಿಗೆ ಇನ್ನೂ ಸ್ವಲ್ಪ ಬೇಕು ಅನ್ಸೋದು ಸಹಜ. ಆ 'ಇನ್ನೂ ಸ್ವಲ್ಪ' ಎಲ್ಲಿಂದ ಬರತ್ತೆ ಅನ್ನೋದು ಮುಖ್ಯ.

ನನ್ನೂರು ಚನ್ನಗಿರಿ ತಾಲೂಕಿನ ಕೆರೆಬಿಳಚಿ. ಪಕ್ಕದಲ್ಲೇ ಸೂಳೆಕೆರೆ, ಸರ್ಕಾರಿ ಫಲಕದಲ್ಲಿ ಶಾಂತಿಸಾಗರ. ಎರಡು ಗುಡ್ಡದ ನಡುವೆ ಏರಿ ಹಾಕಿ ಹರಿದ್ರಾ ಹಳ್ಳವನ್ನ ತಡೆದು ಕಟ್ಟಿದ ಕೆರೆ. ಶಾಂತವ್ವ ಕಟ್ಟಿಸಿದ್ಳು ಅನ್ನೋ ಕತೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಶತಮಾನಗಳಿಂದ ನಿಂತಿರೋ ಕೆರೆ ನೋಡೋಕೆ ಬಂದೋರೆಲ್ಲ ಏರಿ ಮೇಲೆ ನಿಂತು ನೀರು ನೋಡ್ತಾರೆ. ಆದ್ರೆ ಯಾವ ಕೆರೆಯ ಪಕ್ಕ ಬೆಳೆದೋರನ್ನ ಕೇಳಿದ್ರೂ ಹೇಳ್ತಾರೆ, ಕೆರೆ ಉಳಿಯೋದು ಏರಿಯ ಎತ್ತರದಿಂದ ಮಾತ್ರ ಅಲ್ಲ. ಹೆಚ್ಚಾದ ನೀರು ಏರಿಗೆ ಪೆಟ್ಟು ಕೊಡದೆ ಪಕ್ಕದಿಂದ ಹೋಗೋ ಹಾಗೆ ಕೋಡಿ ಇರಬೇಕು.

ಟರ್ಬೋದಲ್ಲೂ ಒಂದು ಕೋಡಿ ಇದೆ, ಹೆಸರು ವೇಸ್ಟ್‌ಗೇಟ್. ಇಂಜಿನ್ನಿಂದ ಹೊರಗೆ ಹೋಗೋ ಬಿಸಿ ಹೊಗೆ ಒಂದು ಚಕ್ರವನ್ನ ತಿರುಗಿಸತ್ತೆ. ಅದೇ ದಂಡಕ್ಕೆ ಜೋಡಿಸಿದ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನ ಒತ್ತಿ ಇಂಜಿನ್ನಿಗೆ ತುಂಬತ್ತೆ. ಗಾಳಿ ಹೆಚ್ಚಿದ್ರೆ ಪೆಟ್ರೋಲ್ ಹೆಚ್ಚು ಸುಡಬಹುದು, ಶಕ್ತಿ ಹೆಚ್ಚು. ಹೊಗೆ ಹೆಚ್ಚಿದ್ರೆ ಚಕ್ರ ಇನ್ನೂ ಜೋರು, ಗಾಳಿ ಇನ್ನೂ ಹೆಚ್ಚು. ಇದನ್ನ ಹಾಗೇ ಬಿಟ್ರೆ ಇಂಜಿನ್ ತನ್ನನ್ನ ತಾನೇ ಒಡ್ಕೊಳ್ಳತ್ತೆ. ಅದಕ್ಕೇ ಒತ್ತಡ ಒಂದು ಮಟ್ಟ ಮುಟ್ಟಿದಾಗ ಒಂದು ಸಣ್ಣ ಬಾಗಿಲು ತೆರೆದು, ಹೆಚ್ಚಾದ ಹೊಗೆಯನ್ನ ಚಕ್ರಕ್ಕೆ ತಾಗಿಸದೆ ಪಕ್ಕದಿಂದ ಹೊರಗೆ ಕಳಿಸತ್ತೆ.

'ಸ್ಟೇಜ್ ಒನ್' ಅಂತ ನಾವು ದುಡ್ಡು ಕೊಟ್ಟು ಹಾಕಿಸ್ಕೊಳ್ಳೋದು ಏನು? ಲ್ಯಾಪ್‌ಟಾಪ್ ಜೋಡಿಸಿ ಇಂಜಿನ್ನಿನ ಕಂಪ್ಯೂಟರಿನಲ್ಲಿರೋ ಲೆಕ್ಕ ಬದಲಾಯಿಸೋದು. ಒಂದು ಪೈಪೂ ಬದಲಾಗಲ್ಲ. ಕೋಡಿ ಬಾಗಿಲು ಇನ್ನಷ್ಟು ಹೊತ್ತು ಮುಚ್ಚಿರತ್ತೆ, ಒತ್ತಡ ಏರತ್ತೆ, ಪೆಟ್ರೋಲ್ ಮತ್ತು ಕಿಡಿಯ ಸಮಯ ಅದಕ್ಕೆ ಹೊಂದ್ಕೊಳ್ಳತ್ತೆ. ಕೆರೆ ತುಂಬಿದ ವರ್ಷ ಇನ್ನೊಂದಡಿ ನೀರು ನಿಲ್ಲಲಿ ಅಂತ ಕೋಡಿ ಮೇಲೆ ಮರಳುಚೀಲ ಪೇರಿಸ್ತಾರಲ್ಲ, ಥೇಟ್ ಅದೇ. ನೀರು ನಿಲ್ಲತ್ತೆ, ನಿಜ. ಏರಿ ಮಾತ್ರ ಹಳೇದೇ.

ಆ ಹಳೇ ಏರಿ ಏನೇನು ಹೊರಬೇಕು ನೋಡಿ. ಟರ್ಬೋದ ಹೊಗೆ ಬದಿಯ ಬಿಸಿ ಸುಮಾರು 900 ಡಿಗ್ರಿ ಮುಟ್ಟತ್ತೆ. ಇಂಜಿನ್ ನಿಮಿಷಕ್ಕೆ ಆರು ಸಾವಿರ ಸುತ್ತು ಹಾಕೋ ಹೊತ್ತಿಗೆ ಇಂಥ ಸಣ್ಣ ಟರ್ಬೋದ ದಂಡ 2 ಲಕ್ಷ ದಾಟಬಲ್ಲದು. ಅದು ತೇಲೋದು ಆಯಿಲಿನ ತೆಳ್ಳನೆ ಪದರದ ಮೇಲೆ. ಆ ಪದರ ಹಳೇದಾದ್ರೆ, ಕೊಳಕಾದ್ರೆ, ದಂಡ ಲೋಹವನ್ನೇ ಉಜ್ಜತ್ತೆ. ಕಂಪನಿ 15,000 ಕಿಮೀ ಅಥವಾ ಒಂದು ವರ್ಷಕ್ಕೆ ಸರ್ವಿಸ್ ಅಂತ ಬರೆದಿದ್ದು ಕಂಪನಿಯ ಒತ್ತಡಕ್ಕೆ, ನಿಮ್ಮ ಹೊಸ ಒತ್ತಡಕ್ಕಲ್ಲ. ಡಿಎಸ್‌ಜಿಯ ಒಣ ಕ್ಲಚ್ಚಿನ ಮಿತಿ 250 ಎನ್‌ಎಂ. ನಕ್ಷೆ ಬದಲಾಯಿಸಿ ಅದರ ಹತ್ತಿರ ಹೋದಷ್ಟೂ ಕ್ಲಚ್ಚಿನ ಆಯಸ್ಸು ಕಮ್ಮಿ. ಇನ್ನು ಪೆಟ್ರೋಲ್ ನೇರವಾಗಿ ಸಿಲಿಂಡರಿನೊಳಗೆ ಸಿಡಿಯೋ ಇಂಜಿನ್ ಇದು. ಒಳಬರೋ ವಾಲ್ವನ್ನ ತೊಳೆಯೋಕೆ ಪೆಟ್ರೋಲ್ ಬರಲ್ಲ, ಕರಿ ಕಟ್ಟತ್ತೆ. ಅದನ್ನ ಅಕ್ರೋಟಿನ ಸಿಪ್ಪೆಪುಡಿ ಜೋರಾಗಿ ಊದಿ ತೆಗೀಬೇಕು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರತ್ತೆ, ಎರಡು ವರ್ಷಕ್ಕೊಮ್ಮೆ ಬದಲಾಗಬೇಕು. ಇದ್ಯಾವುದಕ್ಕೂ ರೀಲ್ಸ್ ಮಾಡೋಕಾಗಲ್ಲ.

ಅತಿಶಯ ಅನ್ಸಿದ್ರೆ ಇತಿಹಾಸ ನೋಡಿ. ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ ಟರ್ಬೋಗೆ ಪೇಟೆಂಟ್ ಪಡೆದಿದ್ದು 1905ರಲ್ಲಿ. ಜನ ಅಂಗಡಿಯಲ್ಲಿ ಕೊಳ್ಳಬಹುದಾದ ಮೊದಮೊದಲ ಟರ್ಬೋ ಕಾರು ಬಂದಿದ್ದು 1962ರಲ್ಲಿ, ಅಮೆರಿಕದ ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್. ಇಂಜಿನ್ ಒಳಗೆ ಬಡಿತ ಆಗದಿರಲಿ ಅಂತ ಅದಕ್ಕೆ ನೀರು, ಮೆಥನಾಲ್ ಬೆರೆಸಿದ ದ್ರವದ ಒಂದು ಪುಟ್ಟ ಟ್ಯಾಂಕ್ ಕೊಟ್ಟಿದ್ರು. ಮಾಲೀಕರು ಮಾಡಬೇಕಿದ್ದ ಕೆಲಸ, ಖಾಲಿಯಾದಾಗ ಅದನ್ನ ತುಂಬೋದು. ಎಷ್ಟೋ ಜನ ತುಂಬಲಿಲ್ಲ. ಕೊನೆಗೆ ಕಂಪನಿಯೇ ಟರ್ಬೋ ಬಿಚ್ಚಿ ಸಾದಾ ಕಾರ್ಬುರೇಟರ್ ಹಾಕಿ ಕೊಡೋಕೆ ಶುರು ಮಾಡ್ತು. ಆ ಕಾರನ್ನ ಸೋಲಿಸಿದ್ದರಲ್ಲಿ ಒಂದು ಖಾಲಿ ಟ್ಯಾಂಕಿನ ಪಾಲು ದೊಡ್ಡದು.

ನಮ್ಮ ಕಡೆ ಟಿಪ್ಪರ್, ಲಾರಿ ರಿಪೇರಿ ಮಾಡೋ ಮೆಕ್ಯಾನಿಕ್ಕುಗಳಿಗೆ ಇದು ಹೊಸ ವಿಷಯವೇ ಅಲ್ಲ. ಬೆಂಗಳೂರಿನವರು ಟರ್ಬೋ ಅಂತ ಸ್ಟಿಕ್ಕರ್ ಅಂಟಿಸೋದಕ್ಕೆ ಎಷ್ಟೋ ವರ್ಷ ಮುಂಚೆ ಲಾರಿಗಳಲ್ಲಿ ಟರ್ಬೋ ಇತ್ತು. ಅವರಲ್ಲೊಬ್ಬರು ನನ್ನ ಕಾರಿನ ಬಾನೆಟ್ ಒಳಗೆ ಇಣುಕಿ ಹೇಳಿದ್ದು ಇಷ್ಟೇ: 'ತಮ್ಮಾ, ಬೆಳಗ್ಗೆ ಸ್ಟಾರ್ಟ್ ಮಾಡಿದ್ ಕೂಡ್ಲೇ ರೇಸ್ ಕೊಡಬ್ಯಾಡ. ದೂರದಿಂದ ಓಡಿಸ್ಕಂಡ್ ಬಂದ್ರೆ ಎರಡು ನಿಮಿಷ ಬಿಟ್ಟು ಆಫ್ ಮಾಡು.' ಹಾಗೇ ಆಫ್ ಮಾಡಿದ್ರೆ ಬಿಸಿ ಬೇರಿಂಗಿನಲ್ಲಿ ನಿಂತ ಆಯಿಲ್ ಕರಕಲಾಗಿ ಅಂಟ್ಕೊಳ್ಳತ್ತೆ. ಆಫ್ ಆದಮೇಲೂ ನೀರು ಓಡಿಸೋ ಪಂಪು ಎಷ್ಟೋ ಹೊಸ ಕಾರುಗಳಲ್ಲಿದೆ, ಆದ್ರೂ ಅವರ ಮಾತು ಹಳೇದಾಗಿಲ್ಲ. ನಾನು ಕೇಳಿದ ಟರ್ಬೋ ಸಲಹೆಗಳಲ್ಲಿ ದುಡ್ಡು ಖರ್ಚಾಗದ್ದು ಇದೊಂದೇ.

ಊರಿನ ರಸ್ತೆ ಇನ್ನೂ ಒಂದು ವಿಮರ್ಶೆ ಮಾಡತ್ತೆ. ನಗರದಲ್ಲಿ 100 ಆಕ್ಟೇನಿನ ಪೆಟ್ರೋಲ್ ನಂಬಿ ಬರೆದ ನಕ್ಷೆ, ಸಾದಾ ಪೆಟ್ರೋಲ್ ಮಾತ್ರ ಸಿಗೋ ಬಂಕಿನ ಮುಂದೆ ಬಂದು ನಿಲ್ಲತ್ತೆ. ಅದರ ಆಕ್ಟೇನ್ ಅಷ್ಟಿರಲ್ಲ. ಒಳಗಿನ ಬಡಿತವನ್ನ ಸೆನ್ಸರ್ ಗುರುತಿಸಿ ಕಿಡಿಯನ್ನ ತಡ ಮಾಡತ್ತೆ, ದುಡ್ಡು ಕೊಟ್ಟು ತಂದ ಶಕ್ತಿ ಅಷ್ಟಷ್ಟೇ ವಾಪಸ್ ಹೋಗತ್ತೆ. ತಿರುವಿನಾಚೆ ರಸ್ತೆ ಮೇಲೆ ಮೆಕ್ಕೆಜೋಳ ಹರವಿರ್ತಾರೆ, ಕತ್ತಲಲ್ಲಿ ಹಿಂದಿನ ದೀಪವಿಲ್ಲದ ಟ್ರ್ಯಾಕ್ಟರ್ ಅಡಿಕೆ ಮೂಟೆ ಹೊತ್ತು ಹೋಗ್ತಿರತ್ತೆ. ಅಲ್ಲಿ ಬೇಕಾಗೋದು ಒಳ್ಳೆ ಟೈರು, ಒಳ್ಳೆ ಬ್ರೇಕು. ಅದಕ್ಕೆ ನನ್ನ ಕಾರಿನಲ್ಲಿ ಮೊದಲು ಬದಲಾಗಿದ್ದು ಟೈರು, ಆಮೇಲೆ ಬ್ರೇಕ್ ಪ್ಯಾಡು. ನಕ್ಷೆ ಇನ್ನೂ ಕಂಪನಿಯದೇ.

ಕಾನೂನಿನ ಮೇಲೂ ತಕರಾರಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಾಯಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡೀತು. ಅದೇ ವರ್ಷದ ತಿದ್ದುಪಡಿ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಸೇರಿಸ್ತು. ಉದ್ದೇಶ ಸರಿ. ಆದ್ರೆ ರಸ್ತೆಯಲ್ಲಿ ಸಿಕ್ಕಿಬೀಳೋದು ಸದ್ದು ಮಾಡೋ ಸೈಲೆನ್ಸರ್. ಕಂಪ್ಯೂಟರಿನಲ್ಲಿ ಬದಲಾದ ಲೆಕ್ಕ ಕಣ್ಣಿಗೂ ಕಾಣಲ್ಲ, ಕಿವಿಗೂ ಕೇಳಲ್ಲ. ಸವೆದು ಬೋಳಾದ ಟೈರಿನ ಸಾದಾ ಕಾರು ಮೂಲ ವಿವರದಂತೇ ಇದೆ ಅಂತ ರಾಜಾರೋಷವಾಗಿ ಓಡಾಡತ್ತೆ. ಹವ್ಯಾಸಿಗಳು ನೋಡೋದು ಶಕ್ತಿಯ ಅಂಕಿ, ಕಾನೂನು ನೋಡೋದು ಮೂಲ ವಿವರದ ಕಾಗದ. ಕಾರಿನ ಆರೋಗ್ಯ ನೋಡೋರು ಯಾರು?

ಇದು ಈಗ ಯಾಕೆ ಮುಖ್ಯ ಅಂದ್ರೆ, ಪೋಲೋ ತಯಾರಿಕೆ 2022ರಲ್ಲಿ ನಿಂತಿತು. ಇನ್ನು ಓಡಾಡೋ ಜಿಟಿಗಳೆಲ್ಲ ಕೈಯಿಂದ ಕೈಗೆ ದಾಟೋ ಕಾರುಗಳು. ಮಾರೋ ಹಿಂದಿನ ದಿನ ಮೂಲ ನಕ್ಷೆ ವಾಪಸ್ ಹಾಕಿಸಿಬಿಟ್ರೆ ಕೊಳ್ಳೋನಿಗೆ ಏನೂ ಗೊತ್ತಾಗಲ್ಲ. ಮೊದಲ ಸಂಬಳ ಕೂಡಿಟ್ಟು ಕಾರು ಕೊಂಡ ಹುಡುಗನ ಕೈಗೆ ಹೋಗೋದು ನಾಲ್ಕು ವರ್ಷ ಮರಳುಚೀಲ ಹೊತ್ತ ಏರಿ. ಬಿರುಕು ಅವನ ಪಾಲಿಗೆ. ಹಳೇ ಮಾಲೀಕ ವಿಮಾ ಕಂಪನಿಗೂ ಹೇಳಿರಲ್ಲ. ಹೇಳದ ಮಾರ್ಪಾಡು ಕ್ಲೇಮಿನ ಹೊತ್ತಿಗೆ ತಕರಾರಾಗಬಹುದು ಅಂತ ಗೊತ್ತಿದ್ದೂ.

ಮಾರ್ಪಾಡು ಬೇಡ ಅಂತ ನಾನು ಹೇಳ್ತಿಲ್ಲ. ಯಂತ್ರವನ್ನ ಬಿಚ್ಚಿ ನೋಡಿ ಅರ್ಥ ಮಾಡ್ಕೊಳ್ಳೋ ಆಸೆ ದಿನವಿಡೀ ಸ್ಕ್ರೀನ್ ನೋಡೋ ನಮ್ಮಂಥವರಿಗೆ ಸಿಗೋ ದೊಡ್ಡ ಸುಖ. ಆದ್ರೆ ಮೆಚ್ಚೋ ರೀತಿ ಬದಲಾಗಬೇಕು. ಆಯಿಲ್ ಬದಲಾಯಿಸಿದ ದಿನಾಂಕ, ಪ್ಲಗ್, ಕೂಲೆಂಟ್, ಬ್ರೇಕ್ ಎಲ್ಲ ಬರೆದಿಟ್ಟ ಒಂದು ನೋಟ್‌ಬುಕ್ ಆ ಕಾರಿನ ನಿಜವಾದ ಜಾತಕ. ಏನೇನು ಬದಲಾಯಿಸಿದೆ ಅಂತಾನೂ ಅದರಲ್ಲೇ ಬರೀಲಿ. ಕಾರು ಮಾರಿದಾಗ ಕೀ ಜೊತೆ ಅದೂ ಹೋಗಲಿ.

ಮುಂದಿನ ಭಾನುವಾರ ಯಾರಾದ್ರೂ ಡೈನೋ ಹಾಳೆ ತೋರಿಸಿದ್ರೆ ಖುಷಿಯಿಂದ ನೋಡಿ, ಭೇಷ್ ಅನ್ನಿ. ಆಮೇಲೆ ನಿಧಾನಕ್ಕೆ ಆಯಿಲ್ ಬಿಲ್ ಎಲ್ಲಿ ಅಂತ ಕೇಳಿ.