ಅಗಸಗಿತ್ತಿಯ ಸಮರ: ಒಂದು ಇಟಾಲಿಯನ್ ಕಾದಂಬರಿಯ ವಿಚಾರ

ಯುದ್ಧದ ಚರಿತ್ರೆಯನ್ನು ಬರೆಯುವವರು ಸ್ತ್ರೀಯರ ಪಾತ್ರವನ್ನು ಕುರಿತು ಸಾಮಾನ್ಯವಾಗಿ ಬಳಸುವ ಮಾತು ‘ನೆರವು’ ಎಂಬುದು. ಪುರುಷರು ಹೋರಾಡಿದರು, ಸ್ತ್ರೀಯರು ನೆರವಾದರು ಎಂಬ ಈ ವಿಭಾಗ ಎಷ್ಟರಮಟ್ಟಿಗೆ ನ್ಯಾಯವಾದುದು? ಇಟಲಿಯ ರೆನಾಟಾ ವಿಗನೋ 1949ರಲ್ಲಿ ಪ್ರಕಟಿಸಿದ ‘ಅನ್ಯೇಸೆ ಸಾಯಲು ಹೋಗುತ್ತಾಳೆ’ ಎಂಬರ್ಥದ ಹೆಸರಿನ ಕಾದಂಬರಿ ಈ ಪ್ರಶ್ನೆಯನ್ನು ಒಬ್ಬ ಬಡ ಹೆಂಗಸಿನ ಬಾಳಿನಲ್ಲಿಟ್ಟು ಪರೀಕ್ಷಿಸುತ್ತದೆ.

1943ರ ಸೆಪ್ಟೆಂಬರ್ 8ರಂದು ಇಟಲಿಯ ಕದನವಿರಾಮ ಘೋಷಿತವಾದೊಡನೆ ಜರ್ಮನ್ ಸೇನೆ ಆ ದೇಶದ ಉತ್ತರ, ಮಧ್ಯಭಾಗಗಳನ್ನು ಆಕ್ರಮಿಸಿತು. ಉತ್ತರದ ನಾಡು ಬಿಡುಗಡೆ ಹೊಂದಿದುದು 1945ರ ಏಪ್ರಿಲಿನಲ್ಲಿ. ಕೊಮಾಕ್ಯೊ ಸೀಮೆಯ ಜೌಗುಪ್ರದೇಶದಲ್ಲಿ ನಡೆಯುವ ಈ ಕಥೆ ಆ ಅವಧಿಗೆ ಸೇರಿದುದು. ಲೇಖಕಿ ಸ್ವತಃ ಪ್ರತಿರೋಧದ ದಳದಲ್ಲಿ ದಾದಿಯಾಗಿ ದುಡಿದವರು. ಆದುದರಿಂದಲೇ ಇಲ್ಲಿಯ ಚಳಿ, ಹಸಿವು, ಕೆಸರುಗಳ ವರ್ಣನೆಗೆ ಅನುಭವದ ಗಟ್ಟಿತನವಿದೆ.

ಅನ್ಯೇಸೆ ವಯಸ್ಸಾದ, ಸ್ಥೂಲಕಾಯದ ಅಗಸಗಿತ್ತಿ. ಊರವರ ಬಟ್ಟೆ ಒಗೆದು ರೋಗಿಯಾದ ಪತಿಯನ್ನು ಸಾಕುತ್ತಿದ್ದವಳು. ಆತನನ್ನು ಜರ್ಮನರು ಸೆರೆಹಿಡಿದೊಯ್ಯುತ್ತಾರೆ. ಆತ ಮರಳಿ ಬರುವುದಿಲ್ಲ. ಮುಂದೊಂದು ದಿನ ಕುಡಿದ ಸೈನಿಕನೊಬ್ಬ ಪತಿಯ ಪ್ರೀತಿಯ ಬೆಕ್ಕನ್ನು ಗುಂಡಿಟ್ಟು ಕೊಲ್ಲುತ್ತಾನೆ. ಆಗ ಆಕೆ ಅವನದೇ ಬಂದೂಕನ್ನೆತ್ತಿ ಅವನ ತಲೆಗೆ ಹೊಡೆದು, ಮನೆ ತೊರೆದು ದಳವನ್ನು ಸೇರುತ್ತಾಳೆ. ಹಿಂಸೆಯನ್ನು ಒಪ್ಪದ ವಾಚಕನಿಗೆ ಈ ಪ್ರಸಂಗ ಕಠಿಣವಾದುದು. ಲೇಖಕಿ ಆಕೆಯನ್ನು ವೀರಮಾತೆಯೆಂದು ಹೊಗಳುವುದೂ ಇಲ್ಲ, ಅಪರಾಧಿಯೆಂದು ತೂಗುವುದೂ ಇಲ್ಲ. ಕೃತಿಯ ಪ್ರಾಮಾಣಿಕತೆ ಈ ಸಂಯಮದಲ್ಲಿಯೇ ಇದೆಯೆಂದು ನಮ್ಮ ಭಾವನೆ.

ದಳದಲ್ಲಿ ಆಕೆ ಮಾಡುವುದೇನು? ಅಡಿಗೆ, ಬಟ್ಟೆ ಒಗೆತ, ಸುದ್ದಿಯ ರವಾನೆ, ಸೈಕಲ್ಲಿನ ಮೇಲೆ ಸಿಡಿಮದ್ದಿನ ಸಾಗಣೆ. ಮೊದಲೆರಡು ಆಕೆಯ ನಿತ್ಯದ ಕೆಲಸಗಳೇ. ಆದರೆ ಈ ಅನ್ನವಿಲ್ಲದೆ, ಈ ಸುದ್ದಿಯಿಲ್ಲದೆ ಬಂದೂಕು ಹಿಡಿದವನು ಒಂದು ವಾರವಾದರೂ ನಿಲ್ಲಬಲ್ಲನೆ? ಹಿಡಿಯಲ್ಪಟ್ಟರೆ ಆಕೆಗೂ ಅವನಿಗೂ ಶಿಕ್ಷೆ ಒಂದೇ. ಅಪಾಯದಲ್ಲಿ ಸಮಪಾಲು, ಕೀರ್ತಿಯಲ್ಲಿ ಮಾತ್ರ ‘ನೆರವು’ ಎಂಬುದು ಯಾವ ನ್ಯಾಯ?

ಕೃತಿಯಲ್ಲಿ ದೋಷವಿಲ್ಲವೆಂದಲ್ಲ. ಜರ್ಮನ್ ಸೈನಿಕರು ಬಹುಮಟ್ಟಿಗೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದಾರೆ. ಅವರಲ್ಲೊಬ್ಬನ ಅಂತರಂಗವಾದರೂ ತೆರೆದುಕೊಂಡಿದ್ದರೆ ಅನ್ಯೇಸೆಯ ಕೃತ್ಯದ ಭಾರ ಇನ್ನೂ ಆಳವಾಗಿ ನಮ್ಮನ್ನು ತಟ್ಟುತ್ತಿತ್ತು. ಪಕ್ಷದ ಮೇಲಣ ನಿಷ್ಠೆಯೂ ಅಲ್ಲಲ್ಲಿ ಕಥನದ ಸಹಜಗತಿಯನ್ನು ತಡೆಯುತ್ತದೆ.

1946ರ ಜೂನ್ 2ರಂದು ಇಟಲಿಯ ಸ್ತ್ರೀಯರು ಅರಸೊತ್ತಿಗೆಯೋ ಗಣರಾಜ್ಯವೋ ಎಂಬುದನ್ನು ನಿರ್ಣಯಿಸಲು ಪುರುಷರೊಡನೆ ಮತ ಚಲಾಯಿಸಿದರು. ಅನ್ಯೇಸೆ ಆ ದಿನವನ್ನು ಕಾಣಲಿಲ್ಲ. ಜರ್ಮನ್ ಅಧಿಕಾರಿಯೊಬ್ಬ ಗುರುತು ಹಿಡಿದು ಆಕೆಯನ್ನು ಹಿಮದ ಮೇಲೆ ಕೊಲ್ಲುವುದರೊಂದಿಗೆ ಕಥೆ ಮುಗಿಯುತ್ತದೆ. ಅಲ್ಲಿ ಮೆರವಣಿಗೆಯಿಲ್ಲ, ಚರಮಗೀತೆಯಿಲ್ಲ. ಹೆಸರಿಲ್ಲದೆ ಮಡಿದ ಇಂಥ ಅನೇಕ ತಾಯಂದಿರಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸುವ ಹೊಣೆ ಓದಿದವರ ಮೇಲೆ ಉಳಿಯುತ್ತದೆ.